ಊರಿನ ಕೊರಗು ಮತ್ತು ಇನ್ನೂರು ಗಂಟೆಗಳ ಲೆಕ್ಕ

ಪದವಿಯ ಮೊದಲ ವರ್ಷಕ್ಕೆ ಸೇರಿ ತಿಂಗಳೊಪ್ಪತ್ತು ಕಳೆದರೂ ಮಗನೋ ಮಗಳೋ ಹಾಸ್ಟೆಲಿನಿಂದ ಸಪ್ಪೆ ದನಿಯಲ್ಲೇ ಫೋನ್ ಮಾಡುತ್ತಿದ್ದರೆ, ಹೊಸ ಜಾಗಕ್ಕೆ ಹೊಂದಿಕೊಳ್ಳಲು ಎಷ್ಟು ಕಾಲ ಬೇಕು ಎಂಬ ಪ್ರಶ್ನೆ ಮನೆಯವರನ್ನು ಕಾಡುವುದು ಸಹಜ. ವೈದ್ಯಶಾಸ್ತ್ರ ಈ ಕೊರಗನ್ನು ಕೈಗೆತ್ತಿಕೊಂಡು ಮುನ್ನೂರು ವರ್ಷಗಳಿಗೂ ಹೆಚ್ಚಾಯಿತು. ಆ ಚರಿತ್ರೆಯ ಮೊದಲ ಪುಟದಲ್ಲಿರುವ ರೋಗಿಯೇ ಒಬ್ಬ ವಿದ್ಯಾರ್ಥಿ.

1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಯೋಹಾನೆಸ್ ಹೋಫರ್ ಎಂಬ ಹತ್ತೊಂಬತ್ತರ ಹರೆಯದ ವೈದ್ಯ ವಿದ್ಯಾರ್ಥಿ ಒಂದು ಪ್ರಬಂಧವನ್ನು ಮಂಡಿಸಿ, ಮನೆಗೆ ಮರಳುವುದು ಎಂಬರ್ಥದ 'ನೋಸ್ಟೋಸ್' ಮತ್ತು ನೋವು ಎಂಬರ್ಥದ 'ಆಲ್ಗೋಸ್' ಎಂಬ ಎರಡು ಗ್ರೀಕ್ ಪದಗಳನ್ನು ಬೆಸೆದು 'ನಾಸ್ಟಾಲ್ಜಿಯ' ಎಂಬ ಹೊಸ ರೋಗನಾಮವನ್ನು ಕೊಟ್ಟನು. ಇಂದು ಕಳೆದ ಕಾಲದ ಸವಿನೆನಪಿಗೆ ಸಲ್ಲುವ ಈ ಪದ, ಹೋಫರನ ಪಾಲಿಗೆ ಜೀವ ತೆಗೆಯಬಲ್ಲ ಕಾಯಿಲೆಯ ಹೆಸರಾಗಿತ್ತು. ಅವನು ವರ್ಣಿಸಿದ ಮೊದಲ ರೋಗಿ ಬರ್ನ್ ನಗರದಿಂದ ಬಾಸೆಲ್‌ಗೆ ಓದಲು ಬಂದಿದ್ದ ಯುವಕ. ಜ್ವರ ಹಿಡಿದು, ಎದೆ ಬಡಿತ ಏರುಪೇರಾಗಿ ಅವನು ಎಷ್ಟು ಕೃಶನಾದನೆಂದರೆ ಸುತ್ತಲಿನವರು ಅವನಿಗಾಗಿ ಪ್ರಾರ್ಥನೆಗೆ ತೊಡಗಿದ್ದರು. ಔಷಧ ಕೊಡಲು ಬಂದವನು ಇವನಿಗೆ ಊರಿನ ಹೊರತು ಬೇರೆ ಮದ್ದಿಲ್ಲವೆಂದು ಸ್ಪಷ್ಟವಾಗಿ ಹೇಳಿದ ಮೇಲೆ ಪ್ರಯಾಣದ ಸಿದ್ಧತೆ ನಡೆಯಿತು. ಆ ಸುದ್ದಿ ಕಿವಿಗೆ ಬಿದ್ದೊಡನೆಯೇ ಅವನ ಉಸಿರಾಟ ಹಗುರವಾಯಿತು, ಬಾಸೆಲ್ ದಾಟಿ ಕೆಲವು ಮೈಲಿ ಸಾಗುವಷ್ಟರಲ್ಲಿ ಲಕ್ಷಣಗಳು ಇಳಿದವು, ಬರ್ನ್ ತಲುಪುವ ಮೊದಲೇ ಅವನು ಚೇತರಿಸಿಕೊಂಡಿದ್ದನು.

ಹೋಫರ್ ಇದಕ್ಕೆ ಕಾರಣವನ್ನು ಮಿದುಳಿನ ನಾರುಗಳಲ್ಲಿ ಹುಡುಕಿದನು: ತಾಯ್ನಾಡಿನ ಚಿತ್ರಗಳು ಅಂಟಿಕೊಂಡಿರುವ ನಾರುಗಳು ಎಡೆಬಿಡದೆ ಕಂಪಿಸುವುದರಿಂದ ಬೇರೆ ಆಲೋಚನೆಗೆ ಜಾಗವೇ ಉಳಿಯುವುದಿಲ್ಲವೆಂದನು. ಅವನ ನಂತರ ಜ್ಯೂರಿಕ್‌ನ ಪ್ರಕೃತಿ ವಿಜ್ಞಾನಿ ಶಾಯ್ಖ್‌ಸರ್ ದೋಷವನ್ನು ಗಾಳಿಯ ಮೇಲೆ ಹೊರಿಸಿ, ಆಲ್ಪ್ಸ್‌ನ ತೆಳುಗಾಳಿಯಲ್ಲಿ ಬೆಳೆದವರು ಬಯಲಿಗಿಳಿದಾಗ ಅಲ್ಲಿನ ಭಾರವಾದ ಗಾಳಿ ಅವರ ದೇಹವನ್ನು ಒತ್ತುತ್ತದೆಂದು ವಾದಿಸಿದನು. ಕುಪ್ಪಳಿಯಿಂದ ಮೈಸೂರಿಗೆ ಓದಲು ಬಂದ ಕುವೆಂಪು ಅವರ ಕವಿತೆಗಳಲ್ಲಿ ಮಲೆನಾಡಿಗಾಗಿ ಮಿಡಿಯುವ ಹಂಬಲವನ್ನು ಬಲ್ಲ ಕನ್ನಡಿಗರಿಗೆ ಬೆಟ್ಟದವರ ಈ ಸಂಕಟ ಅಪರಿಚಿತವಲ್ಲ. ಆದರೆ ಅದರ ಮೂಲ ಗಾಳಿಯ ಒತ್ತಡದಲ್ಲಿರಲಿಲ್ಲ.

ಇಂದಿನ ಮನೋವಿಜ್ಞಾನ ಇದನ್ನು ರೋಗವೆಂದು ಎಣಿಸುವುದಿಲ್ಲ. ಮಾರ್ಗರೆಟ್ ಸ್ಟ್ರೋಬ ಮತ್ತು ಅವರ ಸಹೋದ್ಯೋಗಿಗಳು ಊರಿನ ಕೊರಗನ್ನು ಕಿರಿದಾದ ಒಂದು ಶೋಕಕ್ಕೆ ಹೋಲಿಸುತ್ತಾರೆ. ಶೋಕದಲ್ಲಿರುವಂತೆ ಇಲ್ಲಿಯೂ ಅಗಲಿಕೆಯನ್ನು ತಾಳಿಕೊಳ್ಳುವುದು, ಹೊಸ ಬದುಕನ್ನು ಕಟ್ಟಿಕೊಳ್ಳುವುದು ಎಂಬ ಎರಡು ಬೇರೆ ಬೇರೆ ಕೆಲಸಗಳಿದ್ದು, ಮನಸ್ಸು ಇವೆರಡರ ನಡುವೆ ಜೀಕುತ್ತಿರುತ್ತದೆ. ಮಧ್ಯಾಹ್ನ ಪ್ರಯೋಗಶಾಲೆಯಲ್ಲಿ ಉತ್ಸಾಹದಿಂದಿದ್ದವಳು ರಾತ್ರಿ ಮೆಸ್ಸಿನಲ್ಲಿ ತಟ್ಟೆಯ ಸಾರನ್ನು ಕಂಡು ಕಣ್ಣೀರಾದರೆ ಅದು ಈ ಜೀಕಾಟವೇ ಹೊರತು ದೌರ್ಬಲ್ಯವಲ್ಲ.

ಎರಡನೆಯ ಕೆಲಸಕ್ಕೆ ಸಂಬಂಧಿಸಿದಂತೆ ಹೆಚ್ಚು ಪ್ರಚಾರ ಪಡೆದದ್ದು ಗ್ರೆಗರಿ ವಾಲ್ಟನ್ ಮತ್ತು ಜೆಫ್ರಿ ಕೊಹೆನ್ ಅವರು 2011ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ. ಅಮೆರಿಕದ ವಿಶ್ವವಿದ್ಯಾಲಯವೊಂದರ ಮೊದಲ ವರ್ಷದವರಿಗೆ, ಇದು ತಮ್ಮ ಜಾಗವಲ್ಲವೆಂಬ ಅಳುಕು ಎಲ್ಲರಲ್ಲೂ ಇದ್ದು ಕಾಲಕ್ರಮೇಣ ಕರಗುತ್ತದೆಂಬ ಹಿರಿಯ ವಿದ್ಯಾರ್ಥಿಗಳ ಅನುಭವವನ್ನು ಸುಮಾರು ಒಂದು ಗಂಟೆಯ ಕಾಲ ಓದಿಸಿ, ಅದನ್ನು ಅವರ ಮಾತುಗಳಲ್ಲೇ ಬರೆಸಲಾಯಿತು. ಮುಂದಿನ ಮೂರು ವರ್ಷಗಳಲ್ಲಿ ಕಪ್ಪು ವಿದ್ಯಾರ್ಥಿಗಳ ಅಂಕಗಳು ಏರಿ, ಬಿಳಿಯರೊಂದಿಗಿನ ಅಂತರ ಅರ್ಧಕ್ಕಿಳಿಯಿತು. ಆದರೆ ಪಾಲ್ಗೊಂಡವರು ನೂರಕ್ಕಿಂತ ಕಡಿಮೆಯಿದ್ದ ಈ ಪ್ರಯೋಗದಿಂದ ಹುಟ್ಟಿದ ಭರವಸೆ ಅಳತೆ ಮೀರಿತ್ತು. 22 ಸಂಸ್ಥೆಗಳ ಸುಮಾರು 27,000 ವಿದ್ಯಾರ್ಥಿಗಳ ಮೇಲೆ ನಡೆದ ಮರುಪರೀಕ್ಷೆಯ ಫಲಿತಾಂಶ 2023ರಲ್ಲಿ ಹೊರಬಂದಾಗ, ಪರಿಣಾಮ ಚಿಕ್ಕದೆಂದೂ, ಬೇರೂರಲು ಸಂಸ್ಥೆಯೇ ಅವಕಾಶ ಒದಗಿಸಿದ ಕಡೆಗಳಲ್ಲಿ ಮಾತ್ರ ಅದು ಕಾಣಿಸಿಕೊಂಡಿತೆಂದೂ ತಿಳಿಯಿತು. ಹೋಫರ್ ನಾರುಗಳಲ್ಲಿ ಹುಡುಕಿದಂತೆ ವಿದ್ಯಾರ್ಥಿಯ ತಲೆಯೊಳಗೇ ಎಲ್ಲ ಉತ್ತರವನ್ನೂ ಹುಡುಕುವ ಹಳೆಯ ತಪ್ಪು ಇಲ್ಲಿ ಸರಿಹೋಯಿತೆನ್ನಬಹುದು.

ಜಾಗದ ಪಾತ್ರವನ್ನು ಲಿಯಾನ್ ಫೆಸ್ಟಿಂಗರ್ ಮತ್ತು ಸಂಗಡಿಗರು ಎರಡನೆಯ ಮಹಾಯುದ್ಧದ ನಂತರ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯ ವಿವಾಹಿತ ವಿದ್ಯಾರ್ಥಿಗಳ ವಸತಿಯಲ್ಲಿ ಮೊದಲೇ ಅಳೆದಿದ್ದರು. ಯಾರಿಗೆ ಯಾವ ಮನೆ ಸಿಗುವುದೆಂಬುದು ಬಹುಮಟ್ಟಿಗೆ ಆಕಸ್ಮಿಕವಾಗಿದ್ದ ಆ ಎರಡಂತಸ್ತಿನ ಕಟ್ಟಡಗಳಲ್ಲಿ ಪಕ್ಕದ ಬಾಗಿಲಿನವರನ್ನೇ ಗೆಳೆಯರೆಂದು ಹೆಸರಿಸಿದವರು ಶೇ. 41ರಷ್ಟಿದ್ದರೆ, ಅದೇ ಮಹಡಿಯ ಇನ್ನೊಂದು ತುದಿಯವರನ್ನು ಹೆಸರಿಸಿದವರು ಕೇವಲ ಶೇ. 10. ಮೆಟ್ಟಿಲ ಬುಡದ ಮನೆಯವರಿಗೆ ಮೇಲಿನ ಮಹಡಿಯಲ್ಲಿಯೂ ಗೆಳೆಯರು ಹೆಚ್ಚಿದ್ದರು, ಏಕೆಂದರೆ ಹತ್ತಿಳಿಯುವವರೆಲ್ಲ ಅವರ ಬಾಗಿಲನ್ನೇ ಹಾದುಹೋಗುತ್ತಿದ್ದರು.

ಇಂಥ ಎದುರಾಗುವಿಕೆ ಗೆಳೆತನವಾಗಿ ಮಾಗಲು ಬೇಕಾದ ಕಾಲವನ್ನು ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಅಂದಾಜಿಸಿದರು: ಪರಿಚಯ ಸಾಧಾರಣ ಸ್ನೇಹವಾಗಲು ಸುಮಾರು 50 ಗಂಟೆ, ಗೆಳೆತನವಾಗಲು 90, ಆಪ್ತತೆಗೆ 200ಕ್ಕೂ ಹೆಚ್ಚು. ತರಗತಿಯಲ್ಲಿ ಒಟ್ಟಿಗೆ ಕುಳಿತ ಕಾಲಕ್ಕಿಂತ ಹರಟೆ, ಆಟ, ಊಟದಂತಹ ಬಿಡುವಿನ ಕಾಲವೇ ಈ ಲೆಕ್ಕದಲ್ಲಿ ತೂಕ ಪಡೆಯುತ್ತದೆ. ದಿನಕ್ಕೆ ಅಂಥ ಒಂದು ಗಂಟೆ ಸಿಕ್ಕಿತೆಂದು ಇಟ್ಟುಕೊಂಡರೂ, ಆಗಸ್ಟ್‌ನಲ್ಲಿ ಸೇರಿದವರು ಇನ್ನೂರನ್ನು ಮುಟ್ಟುವುದು ಶಿವರಾತ್ರಿಯ ಆಸುಪಾಸಿನಲ್ಲಿ. ದಸರಾ ರಜೆಗೆ ಊರಿಗೆ ಬಂದ ಮಗಳು ಅಲ್ಲಿ ತನ್ನವರೆನ್ನುವವರು ಯಾರೂ ಇಲ್ಲವೆಂದು ಹೇಳುವ ಹೊತ್ತಿಗೆ ಅವಳ ಲೆಕ್ಕ ಇನ್ನೂ ಅರವತ್ತೆಪ್ಪತ್ತು ಗಂಟೆಗಳಲ್ಲಿರುತ್ತದೆ.