ಕೊಳೆನೀರಿನ ಪಂಪು ಏಕೆ ನಿಲ್ಲುತ್ತದೆ?

ಶಿವಮೊಗ್ಗ ನಗರವು ತುಂಗಾ ನದಿಯ ದಡದಲ್ಲಿದೆ. ಭದ್ರಾವತಿಯು ಭದ್ರೆಯ ದಡದಲ್ಲಿದೆ. ಎರಡು ನದಿಗಳೂ ಕೂಡಲಿಯಲ್ಲಿ ಸಂಗಮಿಸಿ ತುಂಗಭದ್ರೆ ಎನಿಸಿಕೊಳ್ಳುತ್ತವೆ. ನೀರು ತಗ್ಗಿನ ಕಡೆಗೆ ಹರಿಯುವುದೆಂಬುದು ಎಲ್ಲರೂ ಬಲ್ಲ ವಿಷಯ. ಬಚ್ಚಲು, ಅಡಿಗೆಮನೆ, ಶೌಚಾಲಯಗಳಿಂದ ಹೊರಟ ನೀರಿಗೂ ಇದೇ ನಿಯಮ. ನದಿದಡದ ಊರಿನಲ್ಲಿ ಎಲ್ಲಕ್ಕಿಂತ ತಗ್ಗಾದ ಸ್ಥಳವೆಂದರೆ ನದಿಯೇ ಅಲ್ಲವೆ? ತಡೆಯದಿದ್ದರೆ ಊರಿನ ಕೊಳೆಯೆಲ್ಲ ಅಲ್ಲಿಗೇ ಸೇರುವುದು.

ಇದನ್ನು ತಪ್ಪಿಸಲು ಒಳಚರಂಡಿಯ ನೀರನ್ನು ಮೊದಲು ಆಳವಾದೊಂದು ಸಂಗ್ರಹ ಬಾವಿಗೆ ಇಳಿಸಿ, ಅಲ್ಲಿಂದ ಪಂಪಿನ ಮೂಲಕ ಶುದ್ಧೀಕರಣ ಘಟಕಕ್ಕೆ ಏರಿಸುತ್ತಾರೆ. ಹಡಗುಗಳಲ್ಲಿಯೂ ಶೌಚಾಲಯದ ನೀರನ್ನು ತೊಟ್ಟಿಯಲ್ಲಿ ಕೂಡಿಟ್ಟು, ಬಂದರಿಗೆ ಬಂದಾಗ ಪಂಪಿನಿಂದ ಹೊರಹಾಕುವುದುಂಟು. ತತ್ತ್ವವು ಎರಡು ಕಡೆಯೂ ಒಂದೇ. ಕೇಂದ್ರ ಸರ್ಕಾರದ ರಾಷ್ಟ್ರೀಯ ನದಿ ಸಂರಕ್ಷಣಾ ಯೋಜನೆಯಲ್ಲಿ ತುಂಗೆಗಾಗಿ ಶಿವಮೊಗ್ಗವನ್ನೂ ಭದ್ರೆಗಾಗಿ ಭದ್ರಾವತಿಯನ್ನೂ ಸೇರಿಸಿದ್ದರು. ಇಂಥ ಏರ್ಪಾಡಿನಲ್ಲಿ ಪಂಪು ನಿಂತರೆ ಬಾವಿ ತುಂಬಿ ಹೊರಚೆಲ್ಲುತ್ತದೆ; ಕೊಳೆಯು ಮತ್ತೆ ನದಿಯ ದಾರಿ ಹಿಡಿಯುತ್ತದೆ. ಆದುದರಿಂದ ಪಂಪಿನ ದೋಷವನ್ನು ಬೇಗನೆ ಕಂಡುಹಿಡಿಯಬೇಕಾಗುತ್ತದೆ.

ಪಂಪಿನ ಕೆಲಸ

ಶಂಖದಾಕಾರದ ಕವಚದೊಳಗೆ ರೆಕ್ಕೆಗಳುಳ್ಳ ಒಂದು ಚಕ್ರವು ವೇಗವಾಗಿ ತಿರುಗುತ್ತಿರುತ್ತದೆ. ಚಕ್ರದ ನಡುವೆ ಬಂದ ನೀರು ಅಂಚಿಗೆ ಎಸೆಯಲ್ಪಟ್ಟು ಒತ್ತಡವನ್ನು ಪಡೆದು ಮೇಲಕ್ಕೇರುತ್ತದೆ. ನಡುವೆ ತೆರವಾದೆಡೆಗೆ ಹೊಸ ನೀರನ್ನು ನೂಕುವುದು ವಾಯುಮಂಡಲದ ಒತ್ತಡ. ಸಮುದ್ರಮಟ್ಟದಲ್ಲಿ ಈ ಒತ್ತಡವು ಸುಮಾರು 10.3 ಮೀಟರ್ ಎತ್ತರದ ನೀರಿನ ಕಂಬವನ್ನು ಹೊರಬಲ್ಲುದು. ಸುಮಾರು 570 ಮೀಟರ್ ಎತ್ತರದಲ್ಲಿರುವ ಶಿವಮೊಗ್ಗದಲ್ಲಿ ಇದು ಹತ್ತು ಮೀಟರಿಗೂ ತುಸು ಕಡಿಮೆ. ಘರ್ಷಣೆ ಮೊದಲಾದ ನಷ್ಟಗಳನ್ನು ಕಳೆದರೆ ಇನ್ನೂ ಕಡಿಮೆಯಾಗುವುದು. ಆದಕಾರಣವೇ ಆಳದ ಬಾವಿಗಳಲ್ಲಿ ಪಂಪನ್ನು ನೀರಿನಲ್ಲಿಯೇ ಮುಳುಗಿಸಿಡುವುದು ರೂಢಿ.

ಚಕ್ರದಲ್ಲಿ ನೀರಿಗೆ ಬದಲು ಗಾಳಿ ತುಂಬಿದರೆ ಏನಾಗುತ್ತದೆ? ಚಕ್ರವು ನೀಡುವ ಒತ್ತಡವು ಅದರಲ್ಲಿರುವ ವಸ್ತುವಿನ ಸಾಂದ್ರತೆಯನ್ನು ಅವಲಂಬಿಸಿದೆ. ಗಾಳಿಯು ನೀರಿಗಿಂತ ಸುಮಾರು 800 ಪಟ್ಟು ಹಗುರ. ನೀರನ್ನು 10 ಮೀಟರ್ ಏರಿಸಬಲ್ಲ ಪಂಪು ಗಾಳಿ ತುಂಬಿದಾಗ ಒಂದೂಕಾಲು ಸೆಂಟಿಮೀಟರ್ ನೀರಿಗೆ ಸಮನಾದ ಒತ್ತಡವನ್ನು ಮಾತ್ರ ಕೊಟ್ಟೀತು! ಮೋಟಾರು ತಿರುಗುತ್ತಿದ್ದರೂ ನೀರು ಬಾರದಿರುವುದಕ್ಕೆ ಇದೊಂದು ಮುಖ್ಯ ಕಾರಣ.

ದೋಷವನ್ನು ಗುರುತಿಸುವ ಬಗೆ

ವೈದ್ಯನು ರೋಗಿಯ ನಾಡಿಯನ್ನು ಹಿಡಿದು ನೋಡುವಂತೆ ಇಲ್ಲಿಯೂ ಕೆಲವು ಲಕ್ಷಣಗಳನ್ನು ಹೊರಗಿನಿಂದಲೇ ಪರೀಕ್ಷಿಸಬಹುದು. ಇದಕ್ಕೆ ಬೇಕಾದುವು ಎರಡು ಮಾಪಕಗಳು: ವಿದ್ಯುತ್ತನ್ನು ಅಳೆಯುವ ಆಮ್ಮೀಟರು, ಹೊರಕೊಳವೆಯ ಒತ್ತಡಮಾಪಕ.

ಮೋಟಾರು ಹೊರಡಲೇ ಇಲ್ಲವೆನ್ನೋಣ. ಮೊದಲು ವಿದ್ಯುತ್ತು ಬರುತ್ತಿದೆಯೆ ಎಂಬುದನ್ನು ನೋಡಬೇಕು. ಆಮೇಲೆ ನೀರಿನ ಮಟ್ಟದೊಡನೆ ಏರಿಳಿದು ಸ್ವಿಚ್ಚನ್ನು ಹಾಕುವ ತೇಲುಬುರುಡೆಯನ್ನು. ಜಿಡ್ಡು ಅಂಟಿ ಬುರುಡೆ ಸಿಕ್ಕಿಕೊಳ್ಳುವುದುಂಟು. ಮೋಟಾರು ಗುಂಯ್‌ಗುಟ್ಟಿ, ವಿದ್ಯುತ್ತು ವಿಪರೀತವಾಗಿ ಏರಿ ನಿಂತುಹೋದರೆ, ಬಟ್ಟೆಯೋ ಹಗ್ಗವೋ ಚಕ್ರಕ್ಕೆ ಸುತ್ತಿಕೊಂಡಿರುವ ಸಂಭವ ಹೆಚ್ಚು.

ಮೋಟಾರು ಸರಾಗವಾಗಿ ತಿರುಗುತ್ತಿದ್ದು ವಿದ್ಯುತ್ತಿನ ಬಳಕೆ ಎಂದಿಗಿಂತ ಕಡಿಮೆಯಾಗಿದ್ದರೆ ನೀರು ಸಾಗುತ್ತಿಲ್ಲವೆಂದು ತಿಳಿಯಬೇಕು. ಒತ್ತಡಮಾಪಕವೂ ಕೆಳಗಿಳಿದಿದ್ದರೆ ದೋಷವು ಪಂಪಿಗೆ ನೀರು ಬರುವ ಕಡೆಯಲ್ಲಿದೆ: ಗಾಳಿ ಸೇರಿದೆ, ಅಥವಾ ಒಳಬಾಯಿ ಕಟ್ಟಿಕೊಂಡಿದೆ. ಒತ್ತಡವು ಎಂದಿಗಿಂತ ಹೆಚ್ಚಾಗಿದ್ದರೆ ಅಡ್ಡಿಯಿರುವುದು ಮುಂದೆ, ಹೊರಕೊಳವೆಯಲ್ಲಿ.

ದುರಸ್ತಿಯಾದ ಮೇಲೆ ನೀರು ಬಂದರೂ ಕಡಿಮೆ ಬರುತ್ತಿದೆಯೆ? ಮೂರು ಫೇಸಿನ ಮೋಟಾರಿನಲ್ಲಿ ಎರಡು ತಂತಿಗಳು ಅದಲುಬದಲಾದರೆ ಚಕ್ರವು ಹಿಮ್ಮುಖವಾಗಿ ತಿರುಗುವುದು. ಆಗಲೂ ನೀರು ಮುಂದಕ್ಕೇ ಹೋಗುವುದರಿಂದ ಈ ತಪ್ಪು ಎಷ್ಟೋ ದಿನ ಗಮನಕ್ಕೆ ಬಾರದಿರಬಹುದು.

ಪಂಪಿನ ಸಾಮರ್ಥ್ಯವನ್ನು ಲೆಕ್ಕಹಾಕುವುದೂ ಸುಲಭ. ಬಾವಿಯ ವ್ಯಾಸ 4 ಮೀಟರ್ ಎಂದಿಟ್ಟುಕೊಳ್ಳೋಣ. ಅದರ ವಿಸ್ತೀರ್ಣ ಸುಮಾರು 12.57 ಚದರ ಮೀಟರ್. ಪಂಪು ನಿಂತಿರುವಾಗ 5 ನಿಮಿಷದಲ್ಲಿ ನೀರು 10 ಸೆಂಟಿಮೀಟರ್ ಏರಿ, ನಡೆಯುವಾಗ ಅಷ್ಟೇ ಕಾಲದಲ್ಲಿ 25 ಸೆಂಟಿಮೀಟರ್ ಇಳಿದರೆ, ಪಂಪು ಒಟ್ಟು 35 ಸೆಂಟಿಮೀಟರ್ ನೀರನ್ನು ಎತ್ತಿದಂತಾಯಿತು. ಎಂದರೆ 4,400 ಲೀಟರ್. ನಿಮಿಷಕ್ಕೆ 880 ಲೀಟರ್. ತಿಂಗಳಿಗೊಮ್ಮೆ ಹೀಗೆ ಅಳೆದು ಬರೆದಿಟ್ಟರೆ, ಪಂಪು ಕೆಡುವ ಮುನ್ನವೇ ಅದರ ಸವೆತವು ತಿಳಿದುಬರುತ್ತದೆ.

ಬಾವಿಗೆ ಇಳಿಯಬಾರದೇಕೆ?

ಹೊರಗಿನಿಂದಲೇ ಪರೀಕ್ಷಿಸಬೇಕೆಂದು ನಾವು ಹೇಳಿದುದಕ್ಕೆ ಬಲವಾದ ಕಾರಣವಿದೆ. ಆಮ್ಲಜನಕವಿಲ್ಲದ ಕೊಳೆನೀರಿನಲ್ಲಿ ಕೆಲವು ಬ್ಯಾಕ್ಟೀರಿಯಗಳು ಹೈಡ್ರೊಜನ್ ಸಲ್ಫೈಡ್ ಎಂಬ ವಿಷಾನಿಲವನ್ನು ಉತ್ಪಾದಿಸುತ್ತವೆ. ಗಾಳಿಗಿಂತ ಭಾರವಾದ ಇದು ಬಾವಿಯ ತಳದಲ್ಲಿ ನಿಲ್ಲುತ್ತದೆ. ಸ್ವಲ್ಪವಿದ್ದರೆ ಕೊಳೆತ ಮೊಟ್ಟೆಯ ನಾತ ಬರುವುದೇನೋ ನಿಜ. ಆದರೆ ಗಾಳಿಯ ಹತ್ತು ಸಾವಿರ ಪಾಲಿನಲ್ಲಿ ಒಂದು ಪಾಲಿನಷ್ಟಾದರೆ ಮೂಗಿನ ಶಕ್ತಿಯೇ ಕುಂದುತ್ತದೆ. ವಾಸನೆ ಇಲ್ಲವೆಂದು ಧೈರ್ಯದಿಂದ ಇಳಿದವನು ಮೇಲೆ ಬಾರದಿರಬಹುದು. ಅವನನ್ನೆತ್ತಲು ಇಳಿದವನಿಗೂ ಅದೇ ಗತಿ. ರಕ್ಷಣಾ ಸಾಧನಗಳಿಲ್ಲದೆ ಒಳಚರಂಡಿಗಳನ್ನೂ ಮಲಗುಂಡಿಗಳನ್ನೂ ಮನುಷ್ಯರಿಂದ ಶುಚಿ ಮಾಡಿಸುವುದನ್ನು 2013ರ ಕೇಂದ್ರ ಕಾಯಿದೆಯು ನಿಷೇಧಿಸಿದೆ. ಆದುದರಿಂದ ಪಂಪನ್ನು ಸರಪಣಿಯಿಂದ ಮೇಲೆತ್ತಿ ದುರಸ್ತಿ ಮಾಡುವುದೇ ಸರಿಯಾದ ಕ್ರಮ.

ಚಕ್ರಕ್ಕೆ ಸುತ್ತಿಕೊಳ್ಳುವ ಬಟ್ಟೆಚೂರು, ಪ್ಲಾಸ್ಟಿಕ್ಕು, ಕೂದಲಿನ ಗಂಟು ಇವು ಎಲ್ಲಿಂದ ಬರುತ್ತವೆ? ನಮ್ಮ ನಿಮ್ಮ ಮನೆಗಳಿಂದಲೇ. ಶೌಚಾಲಯಕ್ಕೆ ಎಸೆದ ಒಂದು ಚಿಂದಿಯು ಪಂಪನ್ನು ನಿಲ್ಲಿಸಬಲ್ಲುದು, ನದಿಯನ್ನು ಕೆಡಿಸಬಲ್ಲುದು, ಮನುಷ್ಯನೊಬ್ಬನ ಪ್ರಾಣಕ್ಕೂ ಎರವಾಗಬಲ್ಲುದು. ಅದನ್ನು ಕಸದ ಬುಟ್ಟಿಗೆ ಹಾಕುವುದಕ್ಕೆ ಯಾವ ಯಂತ್ರವೂ ಬೇಕಿಲ್ಲ.