ಕ್ಯಾಸನೂರಿನ ಮಂಗ, ಮನುಷ್ಯನ ಕೋರೆಹಲ್ಲು

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡು 1957ರಲ್ಲಿ ಜಗತ್ತಿಗೆ ಪರಿಚಯವಾದದ್ದು ಸತ್ತ ಮಂಗಗಳಿಂದ. ಮಂಗನ ಕಾಯಿಲೆಯ ಕತೆ ಮಲೆನಾಡಿಗೆ ಹೊಸತಲ್ಲ. ಆದರೆ ಅದೇ ಮಂಗಗಳ ಬಾಯಲ್ಲಿ ವಿಧಿವಿಜ್ಞಾನದ ಒಂದು ಪಾಠವೂ ಇದೆ. ಬೆಳೆದ ಗಂಡು ಆಕಳಿಸಿದಾಗ ಮೇಲ್ದವಡೆಯ ಕೋರೆಹಲ್ಲು ನೋಡಬೇಕು: ಉದ್ದ, ಚೂಪು, ಹೆದರಿಸುವಂಥದ್ದು. ಹೆಣ್ಣಿನದು ಅದರ ಮುಂದೆ ಗಿಡ್ಡ. ಗುಂಪಿನ ಯಜಮಾನಿಕೆಗೆ, ಸಂಗಾತಿಗೆ ಗಂಡುಗಳು ಕಾದಾಡುವ ಜಾತಿಗಳಲ್ಲಿ ಈ ಅಂತರ ಎದ್ದು ಕಾಣುತ್ತದೆ. ಮುಸುವದಲ್ಲೂ ಉಂಟು. ಅಂಥ ತಲೆಬುರುಡೆ ಸಿಕ್ಕರೆ ಗಂಡೋ ಹೆಣ್ಣೋ ಎನ್ನಲು ಬಹುಪಾಲು ಕಣ್ಣೇ ಸಾಕು.

ಮನುಷ್ಯನಲ್ಲಿ ಆ ಅಂತರ ಸವೆದು ಮಿಲಿಮೀಟರಿನ ಚೂರಾಗಿದೆ. ಉಳಿದಿರುವಷ್ಟೂ ಹೆಚ್ಚಾಗಿ ಕೋರೆಹಲ್ಲಿನಲ್ಲೇ ಉಳಿದಿದೆ ಎಂಬುದು ಈ ವಿಷಯದ ಸೊಗಸು.

ಶಿಕಾರಿಪುರ, ಸೊರಬದಂಥ ಮಳೆ ನಾಡಿನಲ್ಲಿ ಗುರುತು ಸಿಗದ ಶವ ಗಂಡಿನದೋ ಹೆಣ್ಣಿನದೋ ಎನ್ನಲು ಹಲ್ಲಿಗೆ ಬೆಲೆ ಹೆಚ್ಚು. ಆಮ್ಲೀಯ ಮಣ್ಣು, ಸುರಿವ ಮಳೆ ಮೂಳೆಯನ್ನು ತಿಂದುಹಾಕುತ್ತವೆ. ಶೇ 96ರಷ್ಟು ಖನಿಜವೇ ಆಗಿರುವ ಎನಾಮಲ್ ಸುಲಭಕ್ಕೆ ಜಗ್ಗದು. ಮಕ್ಕಳ ವಿಷಯದಲ್ಲಂತೂ ಹಲ್ಲೇ ದೊಡ್ಡ ಆಸರೆ. ಹರೆಯಕ್ಕೆ ಮೊದಲು ಸೊಂಟದ ಮೂಳೆ ಲಿಂಗವನ್ನು ಖಚಿತವಾಗಿ ಹೇಳದು. ಕಾಯಂ ಹಲ್ಲಿನ ತಲೆಭಾಗವೋ ಒಮ್ಮೆ ರೂಪುಗೊಂಡರೆ ಮತ್ತೆ ಬೆಳೆಯುವುದಿಲ್ಲ.

ಕರಾವಳಿಯ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಎನ್.ಜಿ. ರಾವ್ ಮತ್ತು ಸಂಗಡಿಗರು 1989ರಲ್ಲಿ ಒಂದು ಸರಳ ಲೆಕ್ಕ ಪ್ರಕಟಿಸಿದರು. ಕೆಳಗಿನ ಕೋರೆಹಲ್ಲಿನ ಅಗಲವನ್ನು ಎರಡು ಕೋರೆಹಲ್ಲುಗಳ ತುದಿಗಳ ನಡುವಿನ ಅಂತರದಿಂದ ಭಾಗಿಸಬೇಕು. ಉತ್ತರ 0.274ಕ್ಕಿಂತ ಹೆಚ್ಚಾದರೆ ಗಂಡು, ಇಲ್ಲವಾದರೆ ಹೆಣ್ಣು. ವರ್ನಿಯರ್ ಕ್ಯಾಲಿಪರ್ ಒಂದಿದ್ದರೆ ಸಾಕು! ಶೇ 80ಕ್ಕೂ ಹೆಚ್ಚು ನಿಖರತೆ ವರದಿಯಾಯಿತು, ಸೂತ್ರ ದೂರದೂರಕ್ಕೆ ಹೋಯಿತು.

ಆ ಭಾಗಾಕಾರದಲ್ಲೇ ತೊಡಕು. ದೊಡ್ಡ ದವಡೆಯ ಗಂಡಸೊಬ್ಬನ ಹಲ್ಲು 7.3 ಮಿ.ಮೀ., ಅಂತರ 27.5 ಎಂದುಕೊಳ್ಳಿ: 0.265, ಅಂದರೆ ಹೆಣ್ಣು. ಪುಟ್ಟ ದವಡೆಯ ಹೆಂಗಸಿನದು 6.8 ಮತ್ತು 24.5: 0.278, ಗಂಡು! ಹಲ್ಲು ದೊಡ್ಡದಾದಾಗ ದವಡೆಯೂ ಅಗಲವಾದರೆ ಭಾಗಾಕಾರ ವ್ಯತ್ಯಾಸವನ್ನೇ ನುಂಗಿಬಿಡುತ್ತದೆ. ಧಾರವಾಡದ ಎಸ್‌ಡಿಎಂ ದಂತ ವೈದ್ಯಕೀಯ ಕಾಲೇಜಿನ ಆಶಿತ್ ಆಚಾರ್ಯ, ನೇಪಾಳಿಗರ ಹಲ್ಲುಗಳನ್ನು ಅಳೆದು ಸಹಲೇಖಕರೊಂದಿಗೆ 2009ರಲ್ಲಿ ಬರೆದದ್ದು ಇದನ್ನೇ: ಅನುಪಾತಕ್ಕಿಂತ ನೇರ ಅಳತೆ ಮೇಲು. ಕರಾವಳಿ ಕೊಟ್ಟ ಸೂತ್ರವನ್ನು ಬಯಲುಸೀಮೆ ಒರೆಗೆ ಹಚ್ಚಿದ್ದು ಕನ್ನಡ ನಾಡಿನ ವಿಜ್ಞಾನಕ್ಕೆ ಹೆಮ್ಮೆಯ ಮಾತು. ಒಂದೇ ಅಂಕಿಗೆ ಜೋತುಬಿದ್ದು ಅನಾಮಧೇಯ ಶವದ ಕಡತದಲ್ಲಿ ‘ಹೆಣ್ಣು’ ಎಂದು ಬರೆದರೆ, ಮಗನನ್ನು ಹುಡುಕುತ್ತಿರುವ ಮನೆಗೆ ಆ ಕಡತ ತಲುಪುವುದೇ ಇಲ್ಲ.

ಸಂಶಯ ಉಳಿದರೆ ಹಲ್ಲಿನ ತಿರುಳಿನ ಡಿಎನ್‌ಎ ಇದೆ. ಅಲ್ಲಿ ನೋಡುವ ಅಮೆಲೊಜೆನಿನ್ ಕೂಡ ಎನಾಮಲ್ ಕಟ್ಟುವ ಜೀನ್. ಎಕ್ಸ್, ವೈ ಎರಡೂ ವರ್ಣತಂತುಗಳಲ್ಲಿ ಇರುತ್ತದೆ. ಆದರೆ ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 270 ಭಾರತೀಯ ಗಂಡಸರ ಪೈಕಿ ಐವರಿಗೆ ವೈ ಪ್ರತಿ ಇರಲಿಲ್ಲ. ಆ ಪರೀಕ್ಷೆಯೊಂದನ್ನೇ ನಂಬಿದ್ದರೆ ಐವರೂ ಹೆಂಗಸರೆಂದು ದಾಖಲಾಗುತ್ತಿದ್ದರು.