ಮುಗ್ಗಟ್ಟಿನ ಕಾಲದಲ್ಲಿ ಮನೆಯ ಉಳಿತಾಯ ಮತ್ತು ಸರಕಾರದ ವೆಚ್ಚ

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಸಂಸಾರಸ್ಥನಿಗೆ ಇದಕ್ಕಿಂತ ಹಿತವಾದ ಬೋಧೆ ಬೇರೊಂದಿಲ್ಲವೆಂದು ನಾವೂ ಒಪ್ಪುವೆವು. ಆದರೆ ಮನೆಯ ಯಜಮಾನನಿಗೆ ಸಲ್ಲುವ ನೀತಿಯು ರಾಜ್ಯದ ಬೊಕ್ಕಸಕ್ಕೂ ಎಲ್ಲ ಕಾಲದಲ್ಲಿ ಸಲ್ಲುವುದೇ? ಮುಗ್ಗಟ್ಟು ಬಂದಾಗಲೆಲ್ಲ ಅಧಿಕಾರಿಗಳು ಈ ಗಾದೆಯನ್ನೇ ಮುಂದೆಮಾಡುವುದರಿಂದ ಈ ಪ್ರಶ್ನೆಯು ವಿಚಾರಾರ್ಹವಾಗಿದೆ.

1929ರಲ್ಲಿ ತಲೆದೋರಿದ ಜಗದ್ವ್ಯಾಪಿಯಾದ ಮುಗ್ಗಟ್ಟನ್ನೇ ತೆಗೆದುಕೊಳ್ಳೋಣ. 1933ರೊಳಗಾಗಿ ಹಿಂದುಸ್ತಾನದ ಸಗಟು ಧಾರಣೆಗಳು ಮೂರರಲ್ಲೊಂದು ಪಾಲಿಗಿಂತಲೂ ಹೆಚ್ಚು ಕುಸಿದವು. ಬೆಳೆಯ ಬೆಲೆಯಿಳಿಯಿತು, ಸಾಹುಕಾರನ ಸಾಲವಾಗಲಿ, ಸರಕಾರದ ಕಂದಾಯದ ಪಟ್ಟಿಯಾಗಲಿ ಅದರಂತೆ ಇಳಿಯಲಿಲ್ಲ. 1931ರ ಸೆಪ್ಟೆಂಬರಿನಲ್ಲಿ ಬ್ರಿಟನ್ನು ಚಿನ್ನದ ನಾಣ್ಯಪದ್ಧತಿಯನ್ನು ತೊರೆದು, ರೂಪಾಯಿಯನ್ನು ಒಂದು ಶಿಲಿಂಗು ಆರು ಪೆನ್ಸಿನ ದರದಲ್ಲಿಯೇ ತನ್ನ ಪೌಂಡಿಗೆ ಬಿಗಿದಿಟ್ಟಿತು. ಚಿನ್ನದ ಬೆಲೆಯೇರಿತು. ತಲೆಮಾರುಗಳಿಂದ ಹೆಣ್ಣುಮಕ್ಕಳ ಕೊರಳಿನಲ್ಲಿ ಕೂಡಿಬಂದಿದ್ದ ಉಳಿತಾಯವು ಸರಾಫನ ತಕ್ಕಡಿಗೆ ಬಿದ್ದು, ಹಡಗನ್ನೇರಿ ವಿಲಾಯತಿಗೆ ಹೋಯಿತು. ಲಾಭಕ್ಕೆಂದು ಮಾರಿದವರು ಕೆಲವರಿದ್ದರು. ಕಂದಾಯಕ್ಕೂ ಬಡ್ಡಿಗೂ ಮಾರಿದವರು ಅಸಂಖ್ಯಾತರು.

ಅದೇ ತಿಂಗಳಿನಲ್ಲಿ ಅರ್ಥಸಚಿವ ಸರ್ ಜಾರ್ಜ್ ಶೂಸ್ಟರರು ತುರ್ತಿನ ಆಯವ್ಯಯಪತ್ರವನ್ನು ಮಂಡಿಸಿ, ತೆರಿಗೆಗಳ ಮೇಲೆ ಶೇಕಡ 25ರ ಹೆಚ್ಚುವರಿಯನ್ನು ಹೇರಿದರು; ನೌಕರರ ಸಂಬಳದಲ್ಲಿ ಶೇಕಡ 10ರ ವರೆಗೆ ಕಡಿತಮಾಡಿದರು. ಲೆಕ್ಕದ ಪುಸ್ತಕವು ಸರಿತೂಗಬೇಕೆಂಬುದೊಂದೇ ಉದ್ದೇಶ. ಆದರೆ ಗುಮಾಸ್ತನ ಸಂಬಳ ಕಡಿದರೆ ಅವನು ಬಟ್ಟೆ ಕೊಳ್ಳುವುದನ್ನು ಮುಂದೂಡುವನು. ಅಂಗಡಿಯವನು ನೇಕಾರನಿಗೆ ಸರಕು ಬೇಡವೆನ್ನುವನು. ನೇಕಾರನ ಮಗ್ಗ ನಿಲ್ಲುವುದು. ಕಡೆಗೆ ಸರಕಾರಕ್ಕೆ ಬರಬೇಕಾದ ತೆರಿಗೆಯೇ ಕುಗ್ಗುವುದು. ಒಬ್ಬನ ವೆಚ್ಚವು ಮತ್ತೊಬ್ಬನ ಆದಾಯವೆಂಬ ಈ ತತ್ವವನ್ನೇ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಕೇನ್ಸರು 1931ರ ಜನವರಿಯಲ್ಲಿ ರೇಡಿಯೋ ಮೂಲಕ ತಮ್ಮ ದೇಶದ ಗೃಹಿಣಿಯರಿಗೆ ವಿವರಿಸಿ, 1936ರಲ್ಲಿ ಗ್ರಂಥರೂಪದಲ್ಲಿ ಸಿದ್ಧಾಂತಗೊಳಿಸಿದರು. ಎಲ್ಲ ಮನೆಗಳೂ ಏಕಕಾಲಕ್ಕೆ ಕೈ ಬಿಗಿಹಿಡಿದಾಗ ಸರಕಾರವೂ ಬಿಗಿಹಿಡಿದರೆ ಪೇಟೆಗೆ ಬರುವ ಹಣ ಯಾರದು?

ಅದೇ ಮುಗ್ಗಟ್ಟಿನ ವರ್ಷಗಳಲ್ಲಿ ಮೈಸೂರು ಸಂಸ್ಥಾನವು ಕೃಷ್ಣರಾಜಸಾಗರದ ಇರ್ವಿನ್ ಕಾಲುವೆಯ ಕೆಲಸವನ್ನು ಕೈಬಿಡಲಿಲ್ಲ. ಅದೇ ಇಂದಿನ ವಿಶ್ವೇಶ್ವರಯ್ಯ ಕಾಲುವೆ. ದಿವಾನ್ ಸರ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ, 1933ರಲ್ಲಿ, ಮಂಡ್ಯದಲ್ಲಿ ಸಕ್ಕರೆ ಕಂಪನಿಯೂ ಸ್ಥಾಪಿತವಾಯಿತು. ಅಗೆದವನಿಗೆ ಅಂದು ಕೂಲಿ ದೊರೆಯಿತು. ಬಿತ್ತಿದವನಿಗೆ ಮುಂದೆ ನೀರು ದೊರೆಯಿತು. ಕಷ್ಟಕಾಲದ ವೆಚ್ಚವೆಂದರೆ ಹೀಗಿರಬೇಕು.

ಹಾಗಾದರೆ ಸರಕಾರವು ಕಣ್ಣುಮುಚ್ಚಿ ಖರ್ಚುಮಾಡಬಹುದೋ ಎಂದು ಕೇಳುವವರಿಗೆ, ಖಂಡಿತವಾಗಿ ಕೂಡದೆಂದೇ ನಮ್ಮ ಉತ್ತರ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸರಕು ಹೆಚ್ಚದೆ ನೋಟುಗಳು ಮಾತ್ರ ಹೆಚ್ಚಿದ್ದರಿಂದ ಧಾರಣೆಗಳು ಗಗನಕ್ಕೇರಿ, ಬಡವನ ಗಂಟಿನಲ್ಲಿದ್ದ ರೂಪಾಯಿಯು ಅಲ್ಲಿಯೇ ಸವೆಯಿತು. ಕೆಲಸವಿಲ್ಲದ ಕೈಗಳೂ ಮಾರಾಟವಾಗದ ಸರಕೂ ಇರುವಾಗ ಹಿತವಾಗುವ ವೆಚ್ಚವು, ಅವೆರಡೂ ಇಲ್ಲದಿರುವಾಗ ವಿಷವಾಗುವುದು.

ಇದು ಹಳೆಯ ಕಾಲದ ಕಥೆಯಲ್ಲ. 2020ರಲ್ಲಿ ಕೊರೋನಾ ವ್ಯಾಧಿಯ ದಿಗ್ಬಂಧನದಿಂದ ಏಪ್ರಿಲ್-ಜೂನ್ ತ್ರೈಮಾಸಿಕದ ರಾಷ್ಟ್ರೋತ್ಪನ್ನವು ಹಿಂದಿನ ವರ್ಷಕ್ಕಿಂತ ಸುಮಾರು ಶೇಕಡ 24ರಷ್ಟು ಕುಸಿಯಿತು. ಉಳ್ಳವರು ಭಯದಿಂದಲೂ ನಿರ್ಬಂಧದಿಂದಲೂ ಹಣವನ್ನು ಬ್ಯಾಂಕಿನಲ್ಲಿಟ್ಟರು. ಇಲ್ಲದವರು ನಡೆದು ಊರು ಸೇರಿದರು. ಆಗ ಗ್ರಾಮೀಣ ಉದ್ಯೋಗ ಖಾತರಿ ಯೋಜನೆಗೆ ಮೊದಲಿನ 61,500 ಕೋಟಿ ರೂಪಾಯಿಗಳ ಮೇಲೆ 40,000 ಕೋಟಿಗಳನ್ನು ಸೇರಿಸಿದ್ದು ವಿವೇಕದ ಕಾರ್ಯವೆಂದೇ ನಾವು ಎಣಿಸುವೆವು. ಆ ಕೂಲಿಯು ಪೆಟ್ಟಿಗೆ ಸೇರದೆ ನೇರವಾಗಿ ಸಂತೆಗೆ ಬರುವುದು.

ಆದಕಾರಣ ಗಾದೆಯನ್ನು ಬಿಡಬೇಕಾಗಿಲ್ಲ. ಅದರ ಕಾಲವನ್ನರಿತರೆ ಸಾಕು. ಗೃಹಸ್ಥನು ಸುಗ್ಗಿಯಲ್ಲಿ ಕಣಜ ತುಂಬಿಕೊಳ್ಳಲಿ. ಸರಕಾರವೂ ಸುಭಿಕ್ಷದ ವರ್ಷಗಳಲ್ಲಿ ಸಾಲ ತೀರಿಸಿ ಬೊಕ್ಕಸ ತುಂಬಿಸಲಿ. ಆದರೆ ಬರ ಬಂದ ದಿನ ಕಣಜದ ಬಾಗಿಲಿಗೆ ಬೀಗಹಾಕಿ ಮಿತವ್ಯಯವನ್ನು ಬೋಧಿಸುವ ಸರಕಾರಕ್ಕೆ, ಆ ಕಣಜವು ಯಾರಿಗಾಗಿ ತುಂಬಿತ್ತೆಂದು ಪ್ರಜೆಗಳು ಕೇಳಲೇಬೇಕು.